ಸ್ನಾನ ಮಾಡದೆ ಇದ್ದದ್ದು ಯಾರು?

ಅವಳ ಕೆಲಸ ಕರಡು ತಿದ್ದುವುದು. ಮುದ್ರಣಾಲಯದ ಹಿಂಬದಿಯಲ್ಲಿ, ಯಂತ್ರಗಳ ಸದ್ದು ಗೋಡೆ ದಾಟಿ ಬರುವ ಕಿರುಕೋಣೆಯೊಂದರಲ್ಲಿ ಕೂತು, ಅಚ್ಚಿಗೆ ಹೋಗುವ ಪ್ರತಿ ಹಾಳೆಯಿಂದಲೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ತಪ್ಪು ಆರಿಸುತ್ತಿದ್ದಳು. ಕೈಯಲ್ಲಿ ಯಾವಾಗಲೂ ಕೆಂಪು ಪೆನ್ನು. ಹಾಗಾಗಿ ಅಲ್ಲಿನ ಹುಡುಗರೆಲ್ಲ ಅವಳನ್ನು ಕೆಂಪಕ್ಕ ಎಂದು ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖದೆದುರೇ. ಅವಳಿಗೂ ಆ ಹೆಸರು ಹಿಡಿಸಿತ್ತು. ರಸ್ತೆಯಲ್ಲಿ ನಡೆಯುವಾಗ ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಸಾಕು, ಕಾಲಿಗೆ ಮುಳ್ಳು ಚುಚ್ಚಿದವಳಂತೆ ನಿಂತುಬಿಡುತ್ತಿದ್ದಳು.

ಒಬ್ಬಳೇ ಮಗಳಿಗೆ ಜ್ವರ ಬಂದು ವರ್ಷದ ಬಹುಪಾಲು ಶಾಲೆ ತಪ್ಪಿತು. ಗುಣವಾದ ಮೇಲೆ ಚಿಕ್ಕವರ ಜೊತೆ ಮತ್ತೆ ಅದೇ ತರಗತಿಯಲ್ಲಿ ಕೂರಲು ಹುಡುಗಿ ಸುತಾರಾಂ ಒಪ್ಪಲಿಲ್ಲ.

"ಮನೇಲೇ ಓದಿಸೋಣ, ಹೊರಗಿನಿಂದ ಪರೀಕ್ಷೆಗೆ ಕಟ್ಟಿಸಿದ್ರಾಯ್ತು" ಎಂದ ಗಂಡ. ಅವನು ಸಿಟಿ ಬಸ್ಸಿನ ಡ್ರೈವರ್. "ಲೆಕ್ಕ, ವಿಜ್ಞಾನ ನನಗಿರ್ಲಿ. ಭಾಷೆ ಹೇಗಿದ್ರೂ ನಿನ್ನ ಮನೆ ಆಸ್ತಿ."

ಕೆಂಪಕ್ಕ ಹಿಗ್ಗಿದಳು. ಮುದ್ರಣಾಲಯದ ಕೆಲಸ ಮಧ್ಯಾಹ್ನದ ಮೇಲಕ್ಕೆ ಮಾಡಿಕೊಂಡಳು. ಬೆಳಿಗ್ಗೆ ತಿಂಡಿ ತಟ್ಟೆ ಎತ್ತಿದ ಮೇಜಿನ ಮೇಲೇ ಪಾಠ ಶುರು. ಸಂಧಿ, ಸಮಾಸ, ವಿಭಕ್ತಿ. ಹದಿಹರೆಯದ ಹುಡುಗಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸುತ್ತಿದ್ದಳು. ಪಾಠ ಮುಗಿದ ಮೇಲೆ ಒಂದು ಪ್ರಬಂಧ. ಅದನ್ನು ತಿದ್ದುವುದೆಂದರೆ ಕೆಂಪಕ್ಕನಿಗೆ ಹಬ್ಬ. ಹಾಳೆ ವಾಪಸು ಹೋಗುವ ಹೊತ್ತಿಗೆ ಮಗಳ ನೀಲಿ ಅಕ್ಷರ ಹುಡುಕಿದರೂ ಸಿಗುತ್ತಿರಲಿಲ್ಲ.

ಬರಬರುತ್ತಾ ಪ್ರಬಂಧಗಳು ಸೊರಗತೊಡಗಿದವು. ಎರಡು ಪುಟ ಇದ್ದದ್ದು ಒಂದಾಯಿತು, ಅರ್ಧವಾಯಿತು. ಕೊನೆಗೆ ಒಂದು ದಿನ ‘ಮಳೆಗಾಲ’ ಎಂಬ ವಿಷಯಕ್ಕೆ ಮಗಳು ಬರೆದುಕೊಟ್ಟದ್ದು ಇಷ್ಟು: ಮೋಡ ಬಂತು. ಮಳೆ ಬಂತು. ನಿಂತಿತು.

"ಇದೇನೇ ಇದು?"

"ತಪ್ಪಿದೆಯಾ?"

"ಇಲ್ಲ."

"ಮತ್ತೆ? ಕಮ್ಮಿ ಬರೆದ್ರೆ ಕಮ್ಮಿ ತಪ್ಪು. ನಿನ್ನ ಪೆನ್ನಿಗೂ ಇಂಕು ಉಳೀತು."

ಅಡುಗೆಮನೆಯಿಂದ ಗಂಡ ನಕ್ಕ ಸದ್ದು ಕೇಳಿಸಿತು. ಕೆಂಪಕ್ಕನಿಗೆ ಸಿಟ್ಟು ಬಂತು. ಆದರೆ ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ. ಮೂರು ವಾಕ್ಯದಲ್ಲೂ ಕ್ರಿಯಾಪದ ಸರಿಯಾಗಿಯೇ ಇತ್ತು.

ಹೀಗಿರುವಾಗ ಅವರ ಕಟ್ಟಡದ ಲಿಫ್ಟು ಕೆಟ್ಟಿತು. ಎರಡು ಮಹಡಿಗಳ ನಡುವೆ, ಇತ್ತ ಇಲ್ಲ ಅತ್ತ ಇಲ್ಲ ಎಂಬಂತೆ ನಿಂತುಬಿಟ್ಟಿತು. ಒಳಗೆ ಮಗಳು, ಮೇಲಿನ ಮನೆಯ ದರ್ಜಿ ಅಕ್ಕ, ಅವಳ ಬಟ್ಟೆಯ ಗಂಟು, ಎದುರುಮನೆಯ ನಿವೃತ್ತ ಕ್ಯಾಷಿಯರ್ ಮತ್ತು ಅವರ ನಾಯಿ. ರಿಪೇರಿಯವನು ಬಂದು ಬಾಗಿಲು ಬಿಡಿಸುವ ಹೊತ್ತಿಗೆ ಎಲ್ಲರೂ ಬೆವರಿ ತೊಪ್ಪೆಯಾಗಿದ್ದರು. ಮಗಳು ಮಾತ್ರ ಹೊರಗೆ ಬರುವಾಗಲೇ ಕಿಸಿಕಿಸಿ ನಗುತ್ತಿದ್ದಳು. ಮನೆಗೆ ಬಂದವಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಮರುದಿನ ಕೆಂಪಕ್ಕ ಕೆಲಸಕ್ಕೆ ಹೊರಟಾಗ ಕೆಳಗಿನ ನೋಟಿಸ್ ಬೋರ್ಡಿನ ಮುಂದೆ ಜನ ಗುಂಪುಗೂಡಿದ್ದರು. ನೀರಿನ ಟ್ಯಾಂಕು ತೊಳೆಯುವ ಸೂಚನೆ ಬಿಟ್ಟರೆ ಬೇರೇನೂ ಇರದ ಆ ಬೋರ್ಡಿನಲ್ಲಿ ಏನು ನೋಡುತ್ತಾರಪ್ಪಾ ಎಂದು ಇಣುಕಿದಳು. ಮಗಳ ಕೈಬರಹ!

‘ಲಿಫ್ಟಿನಲ್ಲಿ ಒಂದು ಗುಂಡಿ ಇದೆ. ಅದರ ಮೇಲೆ ಗಂಟೆಯ ಚಿತ್ರ ಇದೆ. ಒತ್ತಿದರೆ ಗಂಟೆ ಎಲ್ಲಿ ಬಾರಿಸುತ್ತದೋ ದೇವರಿಗೇ ಗೊತ್ತು. ದರ್ಜಿ ಅಕ್ಕ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಸ್ನಾನ ಮಾಡಿ ವಾರವಾಗಿದ್ದ ನಾಯಿಯ ಯಜಮಾನರು ಮೂಲೆಗೆ ಒತ್ತಿಕೊಂಡು ನಿಂತರು. ನಾಯಿಗೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ. ಇನ್ನು ಇದೇ ನಮ್ಮ ಮನೆ ಎಂದುಕೊಂಡು ಬಟ್ಟೆಯ ಗಂಟಿನ ಮೇಲೆ ಮಲಗಿ ಗೊರಕೆ ಹೊಡೆಯಿತು...’

ಹೀಗೇ ಪುಟ ತುಂಬ. ಅಂಚೆಯವನು ಓದಿ ನಗುತ್ತಿದ್ದ. ದರ್ಜಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೆಂಪಕ್ಕನಿಗೂ ನಗು ಒತ್ತರಿಸಿ ಬಂತು. ಅದರ ಬೆನ್ನಿಗೇ ಕಣ್ಣು ‘ಅರ್ದ’ದ ಮೇಲೆ ಬಿತ್ತು. ಮುಂದಿನ ಸಾಲಿನಲ್ಲಿ ‘ಭಾಗಿಲು’. ಹೊಟ್ಟೆ ಸೀಳಬೇಕಾದ ಅಕ್ಷರವನ್ನು ಬಿಟ್ಟು, ಸೀಳಬಾರದ್ದನ್ನು ಸೀಳಿದ್ದಳು ಹುಡುಗಿ. ಕೈ ತಾನಾಗಿಯೇ ಚೀಲದೊಳಗಿನ ಪೆನ್ನಿಗೆ ಹೋಯಿತು. ಆದರೆ ನಗುತ್ತಿರುವವರನ್ನು ಪಕ್ಕಕ್ಕೆ ಸರಿಸಿ ಬೋರ್ಡು ತಿದ್ದಲು ಅವಳಿಗೆ ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಇಷ್ಟು ಚೆನ್ನಾಗಿ ಬರೆಯುವವಳು ನನಗೆ ಮಾತ್ರ ಯಾಕೆ ‘ಮಳೆ ಬಂತು, ನಿಂತಿತು’ ಕೊಟ್ಟಳು? ಉತ್ತರ ಗೊತ್ತಿತ್ತು. ಅದೇ ಕಿರಿಕಿರಿ.

ಸಂಜೆ ಕ್ಯಾಷಿಯರ್ ಬಂದು ಬಾಗಿಲು ತಟ್ಟಿದರು. ಮುಖ ಬಿಗಿದಿತ್ತು.

"ನೋಡಮ್ಮ, ನಾನು ದಿನಾ ತಪ್ಪದೆ ಸ್ನಾನ ಮಾಡ್ತೀನಿ. ಎಷ್ಟೇ ಚಳಿ ಇರ್ಲಿ. ನಿಮ್ಮ ಮಗಳು ಹೀಗಾ ಬರೆಯೋದು? ಇಡೀ ಕಟ್ಟಡ ನನ್ನ ನೋಡಿ ಮೂಗು ಮುಚ್ಕೊಳ್ತಿದೆ!"

ಮಗಳು ಕೋಣೆಯಿಂದ ಓಡಿಬಂದಳು. "ಅಯ್ಯೋ ತಾತ, ನಿಮಗಲ್ಲ, ನಾಯಿಗೆ ಹೇಳಿದ್ದು!"

"ಹಾಗಂತ ಎಲ್ಲಿದೆ? ನೀನೇ ಓದಮ್ಮ."

ಹುಡುಗಿ ಕೆಳಗೆ ಹೋಗಿ ಹಾಳೆ ಕಿತ್ತು ತಂದಳು. ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು. "ಅಮ್ಮಾ, ಇದರಲ್ಲಿ ಸ್ನಾನ ಮಾಡದೆ ಇದ್ದದ್ದು ಯಾರು?"

ಇಷ್ಟು ತಿಂಗಳಲ್ಲಿ ಮಗಳು ತಾನಾಗಿ ಕೇಳಿದ ಮೊದಲ ವ್ಯಾಕರಣದ ಪ್ರಶ್ನೆ ಅದು. ಕೆಂಪಕ್ಕ ಪೆನ್ನು ಮುಟ್ಟಲಿಲ್ಲ, ಬೆರಳಿಟ್ಟು ತೋರಿಸಿದಳು.

"‘ವಾರವಾಗಿದ್ದ’ ಅನ್ನೋದು ಯಾರ ಬೆನ್ನು ಹತ್ತಬೇಕಿತ್ತು?"

"ನಾಯಿ ಬೆನ್ನು."

"ನಾಯೀನ ದಾಟಿ ಹೋಗಿ ಇವರ ಹೆಗಲೇರಿ ಕೂತಿದೆ ನೋಡು. ಮುಂದೆ ಎರಡು ಹೆಸರು ಸಾಲಾಗಿ ನಿಂತಿದ್ರೆ ಅದಕ್ಕೂ ಗೊಂದಲ."

ಕ್ಯಾಷಿಯರ್ ಕುರ್ಚಿ ಎಳೆದು ಕೂತರು. ವಿಷಯ ತಮ್ಮ ಮಾನದ್ದಾದ್ದರಿಂದ ಮೂವರಲ್ಲೂ ಅವರದ್ದೇ ಹೆಚ್ಚಿನ ಉತ್ಸಾಹ. ಹುಡುಗಿ ಹೇಳುತ್ತಾ ಹೋದಳು, ಅವರು ‘ಊಹೂಂ, ಇನ್ನೂ ನನಗೇ ತಗಲ್ತಿದೆ’ ಎನ್ನುತ್ತಾ ಹೋದರು. ಚಹಾ ಆರುವಷ್ಟರಲ್ಲಿ ವಾಕ್ಯ ಎರಡಾಯಿತು: ‘ವಾರದಿಂದ ಸ್ನಾನ ಕಾಣದ ನಾಯಿ ಒಂದು ಮೂಲೆ ಹಿಡಿಯಿತು. ಅದರ ಯಜಮಾನರು ಮೂಗು ಹಿಡಿದುಕೊಂಡು ಇನ್ನೊಂದು ಮೂಲೆಗೆ ಸರಿದರು.’

"ಇದು ಸರಿ" ಎಂದು ಕ್ಯಾಷಿಯರ್ ಮನಸಾರೆ ನಕ್ಕರು. ಹೊರಡುವಾಗ ಮೆಲ್ಲಗೆ, "ಹಾಗೇ ‘ಗಂಭೀರ ಸ್ವಭಾವದ ಯಜಮಾನರು’ ಅಂತ ಸೇರಿಸೋಕಾಗುತ್ತಾ ಪುಟ್ಟಿ?" ಎಂದರು.

ಅಂದಿನಿಂದ ಪಾಠದ ರೀತಿ ಬದಲಾಯಿತು. ಮೊದಲು ಬರವಣಿಗೆ. ಆ ಹೊತ್ತಿನಲ್ಲಿ ಕೆಂಪು ಪೆನ್ನು ಮೇಜಿನ ಹತ್ತಿರ ಸುಳಿಯುವಂತಿಲ್ಲ ಎಂದು ಮಗಳು ಕಟ್ಟಪ್ಪಣೆ ಮಾಡಿದಳು. ಬರೆದಾದ ಮೇಲೆ ಅದರಿಂದ ಒಂದೇ ಒಂದು ಸಂಗತಿ ಆರಿಸಿಕೊಂಡು ಅದರ ವ್ಯಾಕರಣ ಬಿಡಿಸುವುದು. ಪರೀಕ್ಷೆಗೆ ಬೇಕಾದ ಸಂಧಿ ಸಮಾಸಗಳಿಗೆ ಊಟಕ್ಕೆ ಮುಂಚೆ ಸ್ವಲ್ಪ ಹೊತ್ತು. ಉಳಿದ ತಪ್ಪುಗಳನ್ನು ನೋಡಿಯೂ ನೋಡದವಳಂತೆ ಇರುವುದು ಕೆಂಪಕ್ಕನಿಗೆ ಸುಲಭವಾಗಿರಲಿಲ್ಲ. ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡು ಎದ್ದು ಹೋಗಿ ಪಾತ್ರೆ ತೊಳೆದಳು. ಪಾತ್ರೆಗಳು ಫಳಫಳ ಹೊಳೆಯತೊಡಗಿದವು.

"ಸುಮ್ನೆ ಕಾಯ್ತಾ ಕೂರ್ಬೇಡಮ್ಮ, ನೀನೂ ಬರಿ" ಎಂದಳು ಮಗಳು ಒಂದು ಬೆಳಿಗ್ಗೆ.

"ನಾನಾ? ಏನು ಬರೀಲಿ?"

"ಪ್ರೆಸ್ಸಿಗೆ ಮೊದಲ ಸಲ ಹೋದ ದಿನ."

ಬದುಕಿಡೀ ಬೇರೆಯವರ ವಾಕ್ಯ ತಿದ್ದಿದವಳು ತನ್ನದೊಂದು ಸಾಲು ಬರೆದಳು. ಹೊಡೆದುಹಾಕಿದಳು. ಮತ್ತೆ ಬರೆದಳು, ಮತ್ತೆ ಹೊಡೆದಳು. ಎದುರಿಗೆ ಮಗಳ ಪೆನ್ನು ಸರಸರ ಓಡುತ್ತಿತ್ತು. ಪದ ಹುಟ್ಟುವ ಮೊದಲೇ ಅದರ ಕಾಗುಣಿತ ನೋಡುತ್ತಾ ಕೂತರೆ ಉಸಿರು ಕಟ್ಟುತ್ತದೆಂದು ಅವಳಿಗೆ ಅವತ್ತು ಅನುಭವದಿಂದಲೇ ಗೊತ್ತಾಯಿತು. ‘ಮೋಡ ಬಂತು’ ಎಂದು ಬರೆದ ಹುಡುಗಿಯ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು.

ಪರೀಕ್ಷೆಯಲ್ಲಿ ಮಗಳು ಒಳ್ಳೆಯ ಅಂಕ ತೆಗೆದಳು. ವ್ಯಾಕರಣದಲ್ಲಿ ಒಂದೆರಡು ಅಂಕ ಹೋದದ್ದಕ್ಕೆ ಕೆಂಪಕ್ಕ ಒಂದು ಸಂಜೆ ಪೂರ್ತಿ ಗೊಣಗಿದಳು. ಪ್ರಬಂಧಕ್ಕೆ ಬಂದ ಅಂಕವನ್ನು ಮುದ್ರಣಾಲಯದಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು. ಬೋರ್ಡಿನಲ್ಲಿ ಮಗಳ ಬರಹ ಆಗಾಗ ಬರುತ್ತಲೇ ಇತ್ತು. ಅಂಟಿಸುವ ಮುಂಚೆ ಅವಳೇ ತಂದು, "ಯಾರಾದ್ರೂ ಬಾಗಿಲು ತಟ್ಟೋ ಹಾಗಿದೆಯಾ ನೋಡು" ಎನ್ನುತ್ತಿದ್ದಳು.

ಕೆಂಪಕ್ಕನ ಬರಹ ಮುಗಿಯಲು ಬಹಳ ಕಾಲ ಹಿಡಿಯಿತು. ಕೊನೆಗೊಂದು ರಜೆಯ ದಿನ ಅದನ್ನು ಮಗಳ ಕೈಗಿತ್ತು, ಉಗುರು ಕಚ್ಚುತ್ತಾ ನಿಂತಳು. ಹುಡುಗಿ ನಿಧಾನವಾಗಿ ಓದಿದಳು.

"ಒಂದೂ ತಪ್ಪಿಲ್ಲ."

"ಮತ್ತೆ ಮುಖ ಯಾಕೆ ಹಾಗೆ?"

"ಯಂತ್ರ ಬರೆದಿದ್ದೀಯ, ಶಾಯಿ ವಾಸನೆ ಬರೆದಿದ್ದೀಯ. ಅವತ್ತು ನಿನಗೆ ಭಯ ಆಯ್ತಾ ಇಲ್ವಾ ಅಂತ ಬರೆದೇ ಇಲ್ವಲ್ಲಮ್ಮ."

"ಭಯಾನಾ? ಇಲ್ದೆ ಏನು ಕಣೇ. ಬಾಗಿಲ ತನಕ ಹೋಗಿ ವಾಪಸ್ ಬಂದುಬಿಟ್ಟಿದ್ದೆ. ನಿಮ್ಮಪ್ಪ ಬಸ್ ಸ್ಟಾಪಲ್ಲಿ ಹಿಡಿದು ಮತ್ತೆ..."

"ಹಾಂ! ಅದನ್ನೇ ಬರಿ."

ಕೆಂಪಕ್ಕ ಹಾಳೆ ಎಳೆದುಕೊಂಡು ಕೂತಳು. ಒಲೆಯ ಮೇಲೆ ಹಾಲು ಉಕ್ಕಿತು. ಗಂಡ ಒಳಗಿನಿಂದ ಕೂಗಿದ. ಅವಳು ತಲೆ ಎತ್ತಲಿಲ್ಲ.