ಮಹಿಳಾ ವಾರ್ಡಿನ ಗಡಿಯಾರ

ಮೊದಲು ಒಂದು ಮಸೀದಿಯಲ್ಲಿ ಅಜಾನ್ ಶುರುವಾಗುತ್ತಿತ್ತು. ಅದರ ಮೊದಲ ಸಾಲು ಮುಗಿಯುವ ಮುನ್ನ, ಎರಡು ಬೀದಿ ಆಚೆಯ ಇನ್ನೊಂದರಲ್ಲಿ. ಆರ್.ಟಿ. ನಗರದ ಆ ಪುಟ್ಟ ನರ್ಸಿಂಗ್ ಹೋಮಿನ ಕಿಟಕಿಯಿಂದ ಮಧ್ಯಾಹ್ನ ಒಂದು ಗಂಟೆಗೆ ಎರಡೂ ದನಿಗಳು ಒಂದರ ಹಿಂದೊಂದು ಒಳಗೆ ಬರುತ್ತಿದ್ದವು. ಕಾನ್ವೆಂಟಿನ ಲಂಚ್ ಬೆಲ್ ಕೇಳಿದಾಗ ಆಗುತ್ತಿದ್ದ ಹಾಗೆ ನನಗೆ ತಟ್ಟನೆ ಹಸಿವಾಗುತ್ತಿತ್ತು. ಈಗ ನನ್ನ ಮನೆಯಲ್ಲಿ ಒಂದು ಗಂಟೆ ಯಾವ ಸದ್ದೂ ಇಲ್ಲದೆ ಆಗಿಬಿಡುತ್ತದೆ.

ಅಲ್ಲಿ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದವಳು ನಾನು. ರಿಟೈರ್ ಆದ ಮೇಲೂ ಏನಾದರೂ ಕೆಟ್ಟರೆ ನನ್ನನ್ನೇ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಮ್ಯಾಟ್ರನ್ ಫೋನ್ ಮಾಡಿದರು. ಆಕೆ ಕೊಡಿಗೇಹಳ್ಳಿಯವರು, ಇಡೀ ಮಹಡಿಗೆ ಕೇಳಿಸುವ ಗಂಟಲು. ಅಂದು ಮಾತ್ರ ಮೆತ್ತಗಿತ್ತು.

“ಮೇಡಂ, ಒಂದ್ಸಲ ಬಂದ್ಬಿಡಿ. ನಮ್ ವಾರ್ಡಿನ ಹುಡುಗೀನ ಕೆಲ್ಸದಿಂದ ತೆಗೀತಾರಂತೆ. ನಾಳೆ ಮೀಟಿಂಗು.”

ಆ ಹುಡುಗಿ ಮಹಿಳಾ ವಾರ್ಡಿನ ನರ್ಸ್. ಅಲ್ಲೇ ಆರ್.ಟಿ. ನಗರದವಳು; ಮನೆಯವರ ಜೊತೆ ಫೋನಿನಲ್ಲಿ ದಖನಿ ಉರ್ದು, ಪೇಷೆಂಟುಗಳ ಜೊತೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ಅವಳ ಮೇಲಿನ ಆರೋಪ ಸಣ್ಣದಲ್ಲ. ಡಾಕ್ಟರ್ ಬರೆಯುವ ಮುನ್ನವೇ ಇಂಜೆಕ್ಷನ್ ಕೊಟ್ಟಳು ಅಂತ. ಡಾಕ್ಟರ ಸೂಚನೆ ವಾರ್ಡಿನ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ, ಅದಕ್ಕೆ ಸಮಯ ಹಾಕುವುದು ಮೆಟ್ಟಿಲ ಕೆಳಗಿನ ಸರ್ವರ್. ಔಷಧಿ ಬೀರುವಿಗೆ ಬೇರೆಯದೇ ಪುಟ್ಟ ಕಂಪ್ಯೂಟರ್ ಇದೆ. ಕಾರ್ಡ್ ತೋರಿಸಿ ಬೀರು ತೆಗೆದರೆ ಅದು ತನ್ನ ಸಮಯ ಬರೆದುಕೊಳ್ಳುತ್ತದೆ. ಬೀರು ತೆಗೆದದ್ದು ಒಂದು ಗಂಟೆಗೆ, ಡಾಕ್ಟರ್ ಬರೆದದ್ದು ಒಂದು ಗಂಟೆ ಎಂಟು ನಿಮಿಷಕ್ಕೆ, ಹಾಗೆ ತೋರಿಸುತ್ತಿತ್ತು. ಪೇಷೆಂಟ್ ಗುಣವಾಗಿ ಮನೆಗೆ ಹೋಗಿದ್ದರು, ಥ್ಯಾಂಕ್ ಗಾಡ್. ಆದರೆ ಇಂಥ ಕಪ್ಪುಚುಕ್ಕೆ ಬಿದ್ದ ನರ್ಸನ್ನು ಮತ್ತೆ ಯಾರು ಸೇರಿಸಿಕೊಳ್ಳುತ್ತಾರೆ? ಡಾಕ್ಟರನ್ನು ಕೇಳಿದರೆ ಅವರಿಗೆ ನೆನಪೇ ಇರಲಿಲ್ಲ.

ನಾನು ಹೋದಾಗ ಅವಳು ಹಾಸಿಗೆಯೊಂದರ ಬೆಡ್‌ಶೀಟ್ ಬದಲಿಸುತ್ತಿದ್ದಳು. ಕಣ್ಣು ಊದಿಕೊಂಡಿತ್ತು.

“ಡಾಕ್ಟರ್ ಬರ್ದು ಎದ್ ಹೋದ್ರು ಮೇಡಂ. ಆಮೇಲೇ ನಾನ್ ಬೀರು ತೆಗ್ದಿದ್ದು. ಆಗ್ಲೇ ಅಜಾನ್ ಶುರುವಾಯ್ತು. ದುಪಟ್ಟಾ ತಲೆ ಮೇಲೆ ಎಳ್ಕೊಳ್ಳೋಣ ಅಂದ್ರೆ ಒಂದ್ ಕೈಲಿ ಟ್ರೇ, ಇನ್ನೊಂದ್ ಕೈಲಿ ಕಾರ್ಡು. ಅದಕ್ಕೇ ನೆನಪಿದೆ.”

ಅಜಾನ್ ಅಂದರೆ ಒಂದು ಗಂಟೆ. ಅಂದರೆ ಬೀರು ಸತ್ಯವನ್ನೇ ಹೇಳುತ್ತಿತ್ತು. ನಾನು ಮೆಟ್ಟಿಲ ಕೆಳಗೆ ಬಗ್ಗಿ, ಮಂಡಿ ಹಿಡಿದುಕೊಂಡು, ಸರ್ವರ್ ಮುಂದೆ ಸ್ಟೂಲ್ ಎಳೆದು ಕೂತೆ. ಪರದೆಯ ಸಮಯವನ್ನೂ ನನ್ನ ಮೊಬೈಲನ್ನೂ ಪಕ್ಕಪಕ್ಕ ಹಿಡಿದು ನೋಡಿದರೆ, ಸರ್ವರ್ ಒಂಬತ್ತು ನಿಮಿಷ ಮುಂದಿತ್ತು.

ಇದೇ ನನಗೆ ವಿಚಿತ್ರ ಅನಿಸಿದ್ದು. ಸರ್ವರಿನೊಳಗೂ ಒಂದು ಗಡಿಯಾರವಿರುತ್ತದೆ, ನಮ್ಮ ಕೈಗಡಿಯಾರದ ಹಾಗೆ ಅದೂ ದಿನಾ ಚೂರುಚೂರು ತಪ್ಪುತ್ತದೆ. ಅದಕ್ಕೇ ಅದು ಸರಿಯಾದ ಸಮಯ ಇಟ್ಟುಕೊಂಡ ಬೇರೆ ಯಂತ್ರಗಳನ್ನು ಇಂಟರ್ನೆಟ್ ಮೂಲಕ ಆಗಾಗ ಕೇಳಿ ತನ್ನನ್ನು ತಿದ್ದಿಕೊಳ್ಳುತ್ತಿರಬೇಕು. ಹೊಸ ಇಂಟರ್ನೆಟ್ ಲೈನ್ ಹಾಕಿಸಿದ ದಿನದಿಂದ ಈ ಸರ್ವರ್ ಕೇಳುತ್ತಲೇ ಇತ್ತು, ಉತ್ತರ ಬಂದಿರಲಿಲ್ಲ. ಲೈನಿನ ಜೊತೆ ಬಂದ ಹೊಸ ರೌಟರ್ ಪೆಟ್ಟಿಗೆ ಆ ದಾರಿಯನ್ನು ಮುಚ್ಚಿತ್ತು. ಅಷ್ಟರಮಟ್ಟಿಗೆ ಅರ್ಥವಾಯಿತು. ಆದರೆ ಈ ಮುದಿ ಯಂತ್ರ ನನಗೆ ಚೆನ್ನಾಗಿ ಗೊತ್ತು, ನನ್ನ ಹಾಗೆಯೇ ನಿಧಾನ. ಬಿಟ್ಟರೆ ಹಿಂದೆ ಬೀಳಬೇಕಿತ್ತು. ಮುಂದೆ ಹೇಗೆ ಹೋಯಿತು?

ಯಾರೋ ಕೈಯಿಂದ ತಿರುಗಿಸಿರಬೇಕು. ಮೇಲೆ ಹೋಗಿ ಮ್ಯಾಟ್ರನ್‌ರನ್ನು ಕೇಳಿದೆ.

“ಹೂಂ ಮೇಡಂ, ಅದು ಹಿಂದೆ ಓಡ್ತಿತ್ತು. ಹೋದ್ ತಿಂಗ್ಳು ಇಂಟರ್ನೆಟ್ಟಿನವನು ಏನೋ ರಿಪೇರಿಗ್ ಬಂದಿದ್ದಾಗ, ಟೈಮ್ ಒಂದ್ ಸರಿ ಮಾಡಪ್ಪಾ ಅಂದೆ. ಇಲ್ಲೇ ವಾರ್ಡಿನ ಕಂಪ್ಯೂಟರ್ ಮುಂದೆ ಕೂತು ಮಾಡ್ದ.”

“ಏನ್ ನೋಡಿ ಮಾಡ್ದ?”

“ಅವನ್ ಮೊಬೈಲು ಚಾರ್ಜಿಗ್ ಹಾಕಿದ್ದ. ಅಲ್ ನೋಡ್ದ...” ಎಂದು ಗೋಡೆಯ ಕಡೆ ಎತ್ತಿದ ಕೈ ಅಲ್ಲೇ ನಿಂತಿತು.

ಆ ಗೋಡೆ ಗಡಿಯಾರವನ್ನು ಮ್ಯಾಟ್ರನ್ ಯಾವಾಗಲೂ ಹತ್ತು ನಿಮಿಷ ಮುಂದಿಟ್ಟಿರುತ್ತಿದ್ದರು, ನರ್ಸುಗಳು ಡ್ಯೂಟಿಗೆ ತಡವಾಗಿ ಬರಬಾರದು ಎಂದು. ನಮ್ಮ ಮನೆಗಳಲ್ಲೂ ಇಡುವುದಿಲ್ಲವೇ, ಹಾಗೆ. ಸರ್ವರನ್ನು ಅದಕ್ಕೆ ಹೊಂದಿಸಿದ್ದಾನೆ. ಆಮೇಲೆ ಅದು ತನ್ನ ಚಾಳಿಯಂತೆ ಒಂದು ನಿಮಿಷ ಹಿಂದೆ ಜಾರಿದೆ.

ಮ್ಯಾಟ್ರನ್ ಕುರ್ಚಿಯಲ್ಲಿ ಕುಸಿದು ಕೂತರು. “ಮುಂದಿಡ್ಲಿಲ್ಲ ಅಂದ್ರೆ ಈ ಮಹಾರಾಣೀರು ಯಾವತ್ ಟೈಮಿಗ್ ಬಂದವ್ರೆ ಹೇಳಿ.”

“ನಾವೆಲ್ಲಾ ಹತ್ ನಿಮ್ಷ ಕಳ್ದೇ ನೋಡೋದು ಮೇಡಂ,” ಎಂದಳು ಹುಡುಗಿ. “ಆ ಪಾಪದ್ ಮಿಷನ್ನಿಗೆ ಕಳಿಯೋಕೆ ಯಾರ್ ಹೇಳ್ಕೊಟ್ಟಿದ್ರು?” ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ನಗು, ಅಳು ಎರಡೂ ಬಂದವು.

ನರ್ಸಿಂಗ್ ಹೋಮಿನ ಯಜಮಾನರಾದ ದೊಡ್ಡ ಡಾಕ್ಟರನ್ನು ವಾರ್ಡಿಗೆ ಕರೆಸಿದೆ. ಅವರ ಕೈಯಲ್ಲೇ ಒಂದು ಸುಳ್ಳು ಸೂಚನೆ ಬರೆಸಿ, ಆಮೇಲೆ ಅವರ ಕೈಯಲ್ಲೇ ಬೀರು ತೆಗೆಸಿದೆ. ದಾಖಲೆಯ ಪ್ರಕಾರ ಅವರೂ ಬರೆಯುವ ಮುನ್ನವೇ ಬೀರು ತೆಗೆದವರಾದರು. ಕನ್ನಡಕ ತೆಗೆದು ಒರೆಸಿಕೊಂಡರು. “ಸಾರಿ ಸಿಸ್ಟರ್,” ಎಂದರು ಅವಳಿಗೆ. “ನಾಳೆ ಮೀಟಿಂಗ್ ಇಲ್ಲ.”

ಇನ್ನು ರಿಪೇರಿ. ಮುಚ್ಚಿದ್ದ ದಾರಿ ತೆರೆಸಿದೆ. ಆದರೆ ಕೆಲಸ ನಡೆಯುತ್ತಿರುವಾಗ ಸರ್ವರ್ ಗಡಿಯಾರವನ್ನು ಹಿಂದಕ್ಕೆ ಎಳೆದರೆ, ಆಗಲೇ ಬರೆದಾಗಿರುವ ನಿಮಿಷಗಳು ಇನ್ನೊಮ್ಮೆ ಬರುತ್ತವೆ. ಆಗ ಇನ್ಯಾವಳೋ ಸಿಸ್ಟರ್ ಸಿಕ್ಕಿಬೀಳುತ್ತಾಳೆ. ಹಾಗಾಗಿ ಎಲ್ಲವನ್ನೂ ನಿಲ್ಲಿಸಿ, ಸಮಯ ಸರಿಮಾಡಿ, ನಿಜವಾದ ಗಂಟೆ ಸರ್ವರಿನ ಕೊನೆಯ ದಾಖಲೆಯನ್ನು ದಾಟುವವರೆಗೆ ಕಾದೆವು. ಅಷ್ಟು ಹೊತ್ತು ಆ ಕಟ್ಟಡದಲ್ಲಿ ಏನೂ ದಾಖಲಾಗಲಿಲ್ಲ. ನಾವು ಮೂವರೂ ಟೀ ಕುಡಿದೆವು. ಮ್ಯಾಟ್ರನ್ ತಮ್ಮ ಪಾಲಿನ ಬನ್ನನ್ನು ಮುರಿದು, ದೊಡ್ಡ ತುಂಡನ್ನು ಅವಳ ಕೈಗಿಟ್ಟರು. ಅಂಥ ಹಗುರ ನನಗೆ ಪರೀಕ್ಷೆ ಮುಗಿದ ದಿನಗಳಲ್ಲಷ್ಟೇ ಆಗಿದ್ದದ್ದು.

ಮುಂದಿನ ವರ್ಷ ಅವಳಿಗೆ ಹೆಬ್ಬಾಳದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ದೊಡ್ಡ ಡಾಕ್ಟರೇ ಒಳ್ಳೆಯ ಮಾತು ಬರೆದುಕೊಟ್ಟಿದ್ದರು. ಕೊನೆಯ ದಿನ ನಾನು ಏನೋ ನೆಪ ಮಾಡಿಕೊಂಡು ಹೋಗಿದ್ದೆ. ಅವಳು ಬ್ಯಾಗ್ ಹೆಗಲಿಗೇರಿಸಿ ಹೊರಟವಳು ಗೋಡೆಯತ್ತ ನೋಡಿದಳು. ಗಡಿಯಾರ ಹತ್ತು ನಿಮಿಷ ಮುಂದೆಯೇ ಇತ್ತು. ಮ್ಯಾಟ್ರನ್ ಅದನ್ನು ಮುಟ್ಟಿರಲಿಲ್ಲ.

“ಹೆಬ್ಬಾಳದ ಬಸ್ಸಿಗೆ ಇನ್ನೂ ಟೈಮಿದೆ ಮೇಡಂ,” ಎಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಮೊದಲ ಮಸೀದಿಯಲ್ಲಿ ಅಜಾನ್ ಶುರುವಾದಾಗ ಎರಡು ಕೈಯಿಂದಲೂ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡಳು. ಎರಡನೆಯದೂ ಮುಗಿದ ಮೇಲೆ ಎದ್ದು, ಮೆಟ್ಟಿಲಿಳಿದು ಹೋದಳು.