ವಾಲೆಂತಿಯ ತಟ್ಟೆ

ಜಾಮೋಶ್ಚ್ ಊರಿನ ಸಂತೆಯಲ್ಲಿ ಗೆನೊವೆಫಾ ಮುದುಕಿ ಎರಡು ಸರಕು ಇಟ್ಟುಕೊಂಡಿದ್ದಳು: ಪೀಪಾಯಿಯಲ್ಲಿ ಉಪ್ಪು ಹಾಕಿ ಹುಳಿ ಬರಿಸಿದ ಸೌತೆಕಾಯಿ, ಬಾಯಲ್ಲಿ ಅಣ್ಣ ವಾಲೆಂತಿ. ಯುದ್ಧದಲ್ಲಿ ಜರ್ಮನರು ಅವನನ್ನು ಕೂಲಿಗೆ ಹಿಡಿದೊಯ್ದರು, ಅವನು ತಿರುಗಿ ಬರಲಿಲ್ಲ. ಇಷ್ಟು ಕೇಳಿದ ಗಿರಾಕಿ ಚೌಕಾಸಿ ಬಿಡುತ್ತಿದ್ದ. ಹುತಾತ್ಮನ ತಂಗಿಯ ಹತ್ತಿರ ಬೆಲೆ ಇಳಿಸುವ ಧೈರ್ಯ ಯಾರಿಗಿದೆ? ಕ್ರಿಸ್‌ಮಸ್ ಹಿಂದಿನ ಸಂಜೆ ಊರವರೆಲ್ಲ ಹೇಳದೆ ಬರುವ ಅತಿಥಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ. ಇವಳ ಮನೆಯಲ್ಲಿ ಅದು ವಾಲೆಂತಿಯ ತಟ್ಟೆ.

ಒಂದು ವರ್ಷ ಮೊಮ್ಮಗಳು ಕಿಂಗಾ, ಯುದ್ಧದಲ್ಲಿ ತನ್ನ ಮನೆಯವರು ಕಳೆದುಕೊಂಡಿದ್ದೇನು ಎಂದು ಸ್ಪರ್ಧೆಗೆ ಇತಿಹಾಸದ ಪ್ರಬಂಧ ಬರೆದಳು, ಹುತಾತ್ಮ ವಾಲೆಂತಿಯ ಮೇಲೆ. ಗೆದ್ದರೆ ಲುಬ್ಲಿನ್‌ನಲ್ಲಿ ಓದಲು ವಿದ್ಯಾರ್ಥಿವೇತನ. ಸೋತರೆ ಅಜ್ಜಿಯ ಪಕ್ಕ ಇನ್ನೊಂದು ಪೀಪಾಯಿ.

"ಅಜ್ಜೀ, ಬರ್ದಿದ್ದೆಲ್ಲ ನಿಜ ಅಂತ ಇಲ್ಲೊಂದು ಸಹಿ ಹಾಕು."

"ಬಾಯಲ್ಲಿ ಹೇಳಿದ್ರೆ ಸಾಲ್ದಾ?"

"ಸಹಿ ಇಲ್ದಿದ್ರೆ ತಗೊಳ್ಳಲ್ಲ."

ಹೋದ ವಾರದ ಸೌತೆಕಾಯಿಯನ್ನು ನಿನ್ನೆಯದು ಅನ್ನಲು ಮುದುಕಿಗೆ ಅಂಜಿಕೆಯಿಲ್ಲ. ಆದರೆ ಕಾಗದದ ಮೇಲೆ ಸುಳ್ಳಿಗೆ ಅವಳು ಎಂದೂ ಸಹಿ ಹಾಕಿದವಳಲ್ಲ. ಎದ್ದು ಹೋಗಿ, ಉಪ್ಪಿನ ಡಬ್ಬಿಯ ಹಿಂದಿನಿಂದ ಕೆನಡಾದ ಕಾಗದಗಳ ಕಟ್ಟು ತಂದು ಮೇಜಿನ ಮೇಲೆ ಹಾಕಿದಳು.

"ತಗೋ, ನಿನ್ನ ಹುತಾತ್ಮ. ವಿನ್ನಿಪೆಗ್ ಹತ್ರ ಹಂದಿ ಸಾಕ್ತಾನೆ."

"ಬದುಕಿದಾನಾ?"

"ಹೋದ ಕ್ರಿಸ್‌ಮಸ್‌ನ ಫೋಟೋ ನೋಡು. ಸತ್ತೋರಿಗೆ ಇಷ್ಟು ಹೊಟ್ಟೆ ಬರುತ್ತಾ?"

"ಮತ್ತೆ ಸತ್ತ ಅಂತಿದ್ಯಲ್ಲ!"

"ನಾನೆಲ್ಲಿ ಅಂದೆ? ಬರ್ಲಿಲ್ಲ ಅಂದೆ. ಮಿಕ್ಕಿದ್ದು ಗಿರಾಕಿಗಳೇ ಸೇರಿಸ್ಕೊಂಡ್ರು." ಮುದುಕಿ ದನಿ ತಗ್ಗಿಸಿದಳು. "ಯುದ್ಧ ಮುಗಿದು ಹನ್ನೆರಡು ವರ್ಷ ಅವ್ವ ಬಾಗಿಲು ನೋಡ್ತಾ ನೋಡ್ತಾ ಹೋದ್ಲು ಕಣೇ. ಐದು ತಿಂಗಳಾದ್ಮೇಲೆ ಇವನ ಮೊದಲ ಕಾಗದ ಬಂತು. ಅಲ್ಲೀವರೆಗೂ ಅಂಚೆಚೀಟಿ ಸಿಕ್ಕಿರ್ಲಿಲ್ವೇನೋ ಪಾಪ. ನಾನೂ ಒಂದಕ್ಕೂ ಉತ್ತರ ಬರೀಲಿಲ್ಲ."

ಕಿಂಗಾ ಪ್ರಬಂಧ ಹರಿದು ಹಾಕಿ, ಬದುಕಿದ್ದವನನ್ನೇ ಕಳೆದುಕೊಂಡ ಮನೆಯ ಕತೆ ಬರೆದಳು. "ಹೊಟ್ಟೆ ಬಂದ ಅಣ್ಣನಿಗೆ ಯಾರೇ ಕೊಡ್ತಾರೆ ಬಹುಮಾನ!" ಎಂದು ಗೊಣಗುತ್ತಲೇ ಮುದುಕಿ ಸಹಿ ಹಾಕಿದಳು.

ವಿದ್ಯಾರ್ಥಿವೇತನ ಬಂತು. ಬಂದ ನಲವತ್ತು ಪ್ರಬಂಧಗಳಲ್ಲಿ ಉಸಿರಾಡುತ್ತಿದ್ದವನು ಇವನೊಬ್ಬನೇ ಎಂದು ತೀರ್ಪುಗಾರರು ಮೆಚ್ಚಿ ಬರೆದಿದ್ದರು. ಸುದ್ದಿ ಸಂತೆಗೂ ಮುಟ್ಟಿತು. ಅದೇ ವಾರದಿಂದ ಗಿರಾಕಿಗಳು ಚೌಕಾಸಿಗೆ ನಿಂತರು.

ಮುದುಕಿ ಮೊದಲ ಸಲ ಅಣ್ಣನಿಗೆ ಬರೆದಳು: "ನೀನು ಸಾಯದೆ ಇದ್ದಿದ್ದಕ್ಕೆ ಹುಡುಗಿಗೆ ಓದು ಸಿಕ್ಕಿತು, ನನ್ನ ವ್ಯಾಪಾರ ಕೆಟ್ಟಿತು. ತಟ್ಟೆ ಇಟ್ಟಿರ್ತೀನಿ. ಬರೋದಾದ್ರೆ ಮುಂಚೆ ತಿಳಿಸ್ಬೇಡ, ಅದು ಹೇಳದೆ ಬರೋರ ತಟ್ಟೆ."