ಬ್ಲಾಂಚರ್ಡ್ಸ್‌ಟೌನಿನಲ್ಲಿ ಎರಡು ಯುಗಾದಿ

ಐರ್ಲೆಂಡಿಗೆ ಬಂದ ಮೂರನೇ ದಿನ, ಬಟ್ಟೆ ಮಡಚುತ್ತಿದ್ದ ಹೆಂಗಸೊಬ್ಬಳು ಪಿಸುದನಿಯಲ್ಲಿ ಕೇಳಿದಳು: “ಅಕ್ಕಾ, ಇವತ್ತು ಯಾವ ವಾರ?”

ಅವಳು ರತ್ನಮ್ಮ. ಬ್ಲಾಂಚರ್ಡ್ಸ್‌ಟೌನಿನಲ್ಲಿ ನಾವು ಇಳಿದುಕೊಂಡಿದ್ದ ಪ್ರಕಾಶ್ ಮತ್ತು ವಿದ್ಯಾ ದಂಪತಿಯ ಮನೆಗೆಲಸದಾಕೆ. ಇಲ್ಲಿ ಒಂದು ಬಾಡಿಗೆ ಮನೆ ನೋಡಬೇಕೆಂದರೆ ಬೀದಿಯ ತುದಿಯವರೆಗೆ ಸಾಲು ನಿಲ್ಲಬೇಕು. ಮನೆ ಸಿಗುವವರೆಗೆ ಆರು ವಾರ ನಮ್ಮನ್ನು ಇಟ್ಟುಕೊಂಡು ಊಟ ಹಾಕಿದವರು ಅವರು. ಆ ಊಟ ಬೇಯಿಸುತ್ತಿದ್ದವಳು ರತ್ನಮ್ಮ. ವೀಸಾದ ಕಾಗದದಲ್ಲಿ ಸಂಬಂಧಿಕಳೆಂದು ಬರೆಸಿ ಕರೆತಂದಿದ್ದರಂತೆ. ಪಾಸ್‌ಪೋರ್ಟ್ ವಿದ್ಯಾಳ ಬೀರುವಿನಲ್ಲಿತ್ತು. ಹೊರಗೆ ಕಾಲಿಡುವುದು ಮಗುವನ್ನು ಶಾಲೆಯಿಂದ ಕರೆತರುವುದಕ್ಕೆ ಮಾತ್ರ. ನಮ್ಮೂರಿನಲ್ಲಿ ಕೆಲಸದವರು ಸಂಜೆ ತಮ್ಮ ಮನೆಗೆ ಹೋಗುತ್ತಾರೆ. ಇಲ್ಲಿ ಅವಳಿಗೆ ಹೋಗಲು ಮನೆಯೇ ಇರಲಿಲ್ಲ. ನಾನು ಅವಳ ಕೈಯ ಚಪಾತಿ ತಿಂದು ಸುಮ್ಮನಿದ್ದೆ.

ಸುಮ್ಮನಿದ್ದವಳು ಯಾರು ಗೊತ್ತೆ? ಕೋಲಾರದ ಕಾಲೇಜಿನಲ್ಲಿ ಒಂಬತ್ತು ವರ್ಷ ಅಮೆರಿಕದ ಅಂತರ್ಯುದ್ಧದ ಪಾಠ ಮಾಡಿದವಳು. ಗುಂಡು ಹಾರುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಯುದ್ಧ ಶುರುವಾಗಿತ್ತು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಹೊಸ ರಾಜ್ಯವೊಂದು ದೇಶಕ್ಕೆ ಸೇರಿದಾಗಲೆಲ್ಲ ಅಲ್ಲಿ ಗುಲಾಮಗಿರಿ ಇರಬೇಕೆ ಬೇಡವೆ ಎಂಬ ಜಗಳ. ನಕ್ಷೆಯ ಮೇಲೊಂದು ಗೆರೆ ಎಳೆದು, ಅದರ ಕೆಳಗೆ ಇರಲಿ, ಮೇಲೆ ಬೇಡ ಎಂದು ರಾಜಿ. ಮೂವತ್ತು ಚಿಲ್ಲರೆ ವರ್ಷಕ್ಕೆ ಆ ಗೆರೆಯನ್ನೂ ಅಳಿಸಿ ಮತ್ತೆ ಜಗಳ. ಓಡಿಬಂದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕೆಂಬ ಕಾನೂನು ಬಂದಾಗ, ‘ಅದು ದಕ್ಷಿಣದವರ ವಿಷಯ’ ಎನ್ನುತ್ತಿದ್ದ ಉತ್ತರದವರ ಬಾಗಿಲಿಗೇ ಪ್ರಶ್ನೆ ಬಂದು ನಿಂತಿತು. ಚರ್ಚುಗಳು ಒಡೆದವು, ಪಕ್ಷಗಳು ಒಡೆದವು, ಕೊನೆಗೆ ದೇಶ.

ನಾನೂ ಒಂದು ರಾಜಿ ಮಾಡಿಸಿದೆ. ನಮಗೆ ಮನೆ ಸಿಕ್ಕಮೇಲೆ, “ವಾರಕ್ಕೊಂದಿನ, ಭಾನುವಾರ, ಅವಳನ್ನ ನಮ್ಮನೆಗೆ ಕಳ್ಸಿ ವಿದ್ಯಾ” ಎಂದೆ. ಕಳಿಸಿದಳು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮೂರನೇ ಭಾನುವಾರ ರತ್ನಮ್ಮ ಕೂತಲ್ಲಿಂದ ಏಳಲಿಲ್ಲ.

“ನಾನು ಹೋಗಲ್ಲ ಅಕ್ಕಾ. ನಮ್ಮಪ್ಪ ಗೌಡ್ರ ಮನೇಲಿ ಜೀತಕ್ಕಿದ್ದ. ಅವನಾದ್ರೂ ಸಾಯಂಕಾಲ ಗುಡಿಸಲಿಗೆ ಬಂದು ನಮ್ಮ ಮುಖ ನೋಡ್ತಿದ್ದ.”

ಪ್ರಕಾಶ್ ಫೋನ್ ಮಾಡಿದರು. “ನೀವು ಬಂದಾಗ ನಾವು ಬಾಗಿಲು ತೆಗೀಲಿಲ್ವಾ ಮೇಡಂ? ಇದು ನಮ್ಮನೆ ವಿಷ್ಯ. ಅವಳನ್ನ ತಂದು ಬಿಡಿ.”

ನನ್ನ ಗಂಡ ಶಿವು ಕೆಲಸ ಮಾಡುತ್ತಿದ್ದದ್ದು ಪ್ರಕಾಶರ ಕೈಕೆಳಗೆ. ವರ್ಕ್ ಪರ್ಮಿಟ್ ನಮ್ಮನ್ನು ಆ ಕೆಲಸಕ್ಕೆ ಕಟ್ಟಿಹಾಕಿತ್ತು. ಶಿವು ನನ್ನ ಮುಖ ನೋಡದೆ, “ಬಿಟ್ಬಿಟ್ಟು ಬಾ ಕಣೇ. ನಮಗ್ಯಾಕೆ?” ಎಂದ.

ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟುಬಂದೆ. ಒಂಬತ್ತು ವರ್ಷದ ಪಾಠ ಅಷ್ಟೇ. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದು ಇಲ್ಲಿಯ ರೂಢಿ. ರತ್ನಮ್ಮನೂ ಹೇಳಿದಳು.

ಪಕ್ಕದ ಮನೆಯ ಮುದುಕಿ ನೋರಾ ಬೇಲಿಯಾಚೆಯಿಂದ, ಎಲ್ಲ ಗ್ರ್ಯಾಂಡಾ ಎಂದು ಕೇಳಿದಳು. ಗ್ರ್ಯಾಂಡ್ ಎಂದರೆ ಇಲ್ಲಿ ಚೆನ್ನಾಗಿದೆ, ಪರವಾಗಿಲ್ಲ, ಸಾಕು ಬಿಡು, ಎಲ್ಲವೂ. ಆ ಪದ ನುಂಗಲಾಗದೆ ಅತ್ತುಬಿಟ್ಟೆ, ಎಲ್ಲ ಹೇಳಿದೆ, ನಾನು ಕಲಿಸುತ್ತಿದ್ದ ಯುದ್ಧದ ಪಾಠವನ್ನೂ. ಆಲೂಗಡ್ಡೆ ಕೊಳೆತ ಕ್ಷಾಮದಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದ ತಮ್ಮ ಜನ ಆ ಯುದ್ಧದಲ್ಲಿ ಎರಡೂ ಕಡೆ ನಿಂತು ಒಬ್ಬರನ್ನೊಬ್ಬರು ಕೊಂದರು, ಹಸಿದು ಹೋದವರಿಗೂ ಬುದ್ಧಿ ಬರಲಿಲ್ಲ ಎಂದಳು. ಮರುದಿನ ನನ್ನನ್ನು ಕಾರಿನಲ್ಲಿ ಗಾರ್ಡಾ ಠಾಣೆಗೆ, ಎಂದರೆ ಇಲ್ಲಿಯ ಪೊಲೀಸರ ಬಳಿಗೆ, ಕರೆದೊಯ್ದವಳೂ ಅವಳೇ.

ಪೊಲೀಸರು ಹೋದಮೇಲೆ ರತ್ನಮ್ಮ ಆ ಮನೆಯಿಂದ ಹೊರಗೆ ಬಂದಳು. ಇಲ್ಲಿಯ ಕನ್ನಡದವರು ಎರಡಾಗಿ ಒಡೆದರು. ವಾಟ್ಸಾಪ್ ಗುಂಪಿನಲ್ಲಿ ಮಾತು ಶುರುವಾಯಿತು: “ಮನೆಯವರ ಥರಾನೇ ನೋಡ್ಕೊಂಡಿದ್ರು.” “ಅವಳು ಮಲಗ್ತಿದ್ದ ಜಾಗ ನೋಡಿದ್ದೀರಾ?” “ನಮ್ಮೋರ ಮೇಲೆ ನಮ್ಮೋರೇ ಕಂಪ್ಲೇಂಟಾ?” ಮಕ್ಕಳನ್ನು ಒಬ್ಬರೊಬ್ಬರ ಮನೆಯ ಹುಟ್ಟುಹಬ್ಬಗಳಿಗೆ ಕಳಿಸುವುದು ನಿಂತಿತು. ಶಿವು ಬೇರೆ ಕೆಲಸ ಹುಡುಕಿಕೊಳ್ಳಬೇಕಾಯಿತು. ತಿಂಗಳುಗಟ್ಟಲೆ ನನ್ನೊಂದಿಗೆ ಮಾತು ಬಿಟ್ಟ. ಯುಗಾದಿಗೆ ಒಂದೇ ದಿನ ಎರಡು ಸಭಾಂಗಣ ಬುಕ್ಕಾದವು. ಒಂದು ಕಡೆ ನನ್ನ ಹೆಸರೆತ್ತುವಂತಿರಲಿಲ್ಲ. ಇನ್ನೊಂದು ಕಡೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ ಎಂದರು.

ನಾನು ಒಬ್ಬಟ್ಟು ಕಟ್ಟಿಕೊಂಡು ಅತ್ಲೋನ್ ಎಂಬ ಊರಿನ ರೈಲು ಹತ್ತಿದೆ. ರತ್ನಮ್ಮ ಈಗ ಅಲ್ಲಿನ ವೃದ್ಧರ ಆರೈಕೆ ಮನೆಯೊಂದರ ಅಡುಗೆಮನೆಯಲ್ಲಿದ್ದಾಳೆ. ಟೀ ಕೊಟ್ಟಳು, ಸಕ್ಕರೆ ಎಷ್ಟೆಂದು ಕೇಳಿದಳು. ಆಮೇಲೆ, ಕೋಪವಿಲ್ಲದ ದನಿಯಲ್ಲಿ:

“ನೀವು ಒಳ್ಳೇರು ಅಂತಾರೆ ಎಲ್ರೂ. ಅವತ್ತು ನನ್ನ ಕೈ ಹಿಡ್ಕೊಂಡು ಹೋಗಿ ಆ ಬಾಗ್ಲಲ್ಲಿ ಬಿಟ್ಟಿದ್ದೂ ನೀವೇ ಅಲ್ವಾ ಅಕ್ಕಾ?”

“ಹೌದು” ಎಂದೆ. ಅವಳು ಒಬ್ಬಟ್ಟಿನ ಡಬ್ಬಿ ತೆಗೆದಿಟ್ಟುಕೊಂಡಳು. ನನ್ನೆದುರು ತಿನ್ನಲಿಲ್ಲ.

ಹಿಂತಿರುಗುವ ರೈಲಿನಲ್ಲಿ ಫೋನ್ ತೆರೆದರೆ ಎರಡೂ ಸಭಾಂಗಣಗಳ ಫೋಟೋ ಬಂದಿದ್ದವು. ಎರಡರಲ್ಲೂ ಮಾವಿನ ತೋರಣ, ರೇಷ್ಮೆ ಸೀರೆ, ನಾನು ಬಲ್ಲ ಮುಖಗಳು. ಅಷ್ಟರಲ್ಲಿ ಕೋಲಾರದಿಂದ ಅಮ್ಮನ ಫೋನ್.

“ಹಬ್ಬಕ್ಕೆ ನಿಮ್ಮೋರೆಲ್ಲ ಸೇರಿದ್ರೇನೇ?”

“ಸೇರಿದ್ರಮ್ಮಾ” ಎಂದೆ.

ನಾನೆಲ್ಲಿದ್ದೆ ಎಂದು ಅವಳು ಕೇಳಲಿಲ್ಲ.